ಬಿದಿರಿನ ಲೋಟಗಳ ಬೆಲೆ ಮತ್ತು ಪೂರೈಕೆಯಲ್ಲಿ ಆಗಿರುವ ಬದಲಾವಣೆಯ ಬಗ್ಗೆ

ಮಾನ್ಯ ಗ್ರಾಹಕರೇ,

ನಾಗಾಲ್ಯಾಂಡ್‌ನ ಕೊಹಿಮಾ ಸುತ್ತಲಿನ, ಅಂಗಾಮಿ ಬುಡಕಟ್ಟಿನವರ ಹಳ್ಳಿಗಳಿಂದ ನಾವು ತರಿಸುವ ಚಿತ್ತಾರದ ಬಿದಿರಿನ ಲೋಟಗಳು ಇನ್ನು ವರ್ಷವಿಡೀ ಸಿಗುವುದಿಲ್ಲ. ಚಳಿಗಾಲದಲ್ಲಿ ಕಡಿದ ಬಿದಿರಿನ ಲೋಟಗಳನ್ನಷ್ಟೇ ಮಾರ್ಚ್‌ನಿಂದ ದಾಸ್ತಾನು ಇರುವವರೆಗೆ ಮಾರುತ್ತೇವೆ. ಬೆಲೆಯೂ 450 ರೂಪಾಯಿಯಿಂದ 560 ರೂಪಾಯಿಗೆ ಏರಿದೆ.

'ಎರಡೇ ತಿಂಗಳಿಗೆ ಲೋಟ ಸೀಳಿತು' ಎಂಬ ದೂರನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಕಳೆದ ಸಲದ ಲೋಟಗಳ ಮಟ್ಟಿಗೆ ತಪ್ಪು ನಮ್ಮದೇ: ಬೇಡಿಕೆಗೆ ಮಣಿದು, ಮಳೆಗಾಲದಲ್ಲಿ ಕಡಿದ, ನೀರಿನಂಶ ಆರದ ಬಿದಿರನ್ನು ಒಪ್ಪಿಕೊಂಡೆವು. ಅದಕ್ಕೆ ಕ್ಷಮೆ ಕೋರುತ್ತೇವೆ. ಎರಡು ಗಿಣ್ಣುಗಳ ನಡುವೆ ಬಿದಿರಿನ ನಾರೆಲ್ಲ ಉದ್ದಕ್ಕೇ ಓಡುತ್ತದೆ, ಅಡ್ಡ ಹಿಡಿದಿಡುವ ನಾರು ಇರುವುದಿಲ್ಲ. ಹಾಗಾಗಿ ಹಸಿ ಬಿದಿರು ನಮ್ಮ ಒಣ ಹವೆಯಲ್ಲಿ ಕುಗ್ಗಿದಾಗ ನೇರ ಗೆರೆಯಲ್ಲಿ ಬಾಯಿ ಬಿಡುತ್ತದೆ. ಕೆಲವರ ಲೋಟಕ್ಕೆ ಕುಟ್ಟೆ ಹಿಡಿದದ್ದಕ್ಕೆ ಬಿದಿರಿನಲ್ಲಿ ಉಳಿದ ಪಿಷ್ಟ ಕಾರಣ. ಆದರೆ ಕೆತ್ತಿದವರ ಕೈಯನ್ನು ದೂರಬೇಡಿರೆಂದು ಕೇಳಿಕೊಳ್ಳುತ್ತೇವೆ. ಗಿಣ್ಣನ್ನೇ ತಳವಾಗಿ ಉಳಿಸಿಕೊಂಡು, ಕಾದ ಕಬ್ಬಿಣದಿಂದ ಮಿಥುನ್ ಎಂಬ ಗುಡ್ಡಗಾಡಿನ ದನದ ತಲೆಯನ್ನು ಒಂದೊಂದೇ ಗೆರೆಯಾಗಿ ಸುಟ್ಟು ಮೂಡಿಸುವ ಅವರ ಕೆಲಸದಲ್ಲಿ ನಮಗೆ ಇಂದಿಗೂ ಒಂದು ಕುಂದು ಕಂಡಿಲ್ಲ. ಅಲ್ಲಿ ಈ ಲೋಟದಲ್ಲಿ ಕುಡಿಯುವುದು ಜುಥೋ ಎಂಬ ಅಕ್ಕಿಯ ಪೇಯವನ್ನು, ಅದೂ ಬಿಸಿ ಮಾಡದೆ. ಕುದಿಯುವ ಕಾಫಿ ಸುರಿದು, ತೊಳೆದು ಬಿಸಿಲಿಗಿಟ್ಟರೆ ಒಳ್ಳೆಯ ಲೋಟವೂ ಬಹಳ ದಿನ ತಾಳದು.

ಬೆಲೆಯ ವಿಷಯಕ್ಕೆ ಬಂದರೆ, ನಡುವೆ ನಾವು ದೋಚುತ್ತಿದ್ದೇವೆ ಎಂಬ ಮಾತು ನಮ್ಮನ್ನು ನೋಯಿಸಿದೆ. ಲೋಟದ ತೂಕ ಕಾಲು ಕಿಲೋ ದಾಟುವುದಿಲ್ಲ. ಆದರೆ ಅದು ಒಡೆಯದಂತೆ ಹುಲ್ಲು, ಕಾಗದ ತುಂಬಿದ ಪೆಟ್ಟಿಗೆ 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರವಿರುತ್ತದೆ. ಕೊರಿಯರ್‌ನವರು ಈ ಮೂರನ್ನು ಗುಣಿಸಿ 5000ದಿಂದ ಭಾಗಿಸಿ, 900 ಗ್ರಾಂ ಎಂದು ಲೆಕ್ಕ ಹಿಡಿದು, ಒಂದು ಕಿಲೋದ ಹಣ ಪಡೆಯುತ್ತಾರೆ. ಲೋಟದೊಳಗಿನ ಬರಿದಾದ ಜಾಗಕ್ಕೂ ನಾವು ಬಾಡಿಗೆ ಕಟ್ಟುತ್ತಿದ್ದೇವೆ. ಇದರ ಮೇಲೆ, ಮಳೆಗಾಲದಲ್ಲಿ ಕೊಹಿಮಾ–ದಿಮಾಪುರ ಹೆದ್ದಾರಿಯಲ್ಲಿ ಗುಡ್ಡ ಕುಸಿದರೆ ಸರಕು ದಿನಗಟ್ಟಲೆ ನಿಲ್ಲುತ್ತದೆ, ಆ ತೇವದಲ್ಲಿ ಬೂಷ್ಟು ಹಿಡಿದದ್ದನ್ನು ನಾವೇ ನಷ್ಟಕ್ಕೆ ಹಾಕಿಕೊಳ್ಳುತ್ತೇವೆ. ಏರಿಸಿದ 110 ರೂಪಾಯಿಯಲ್ಲಿ 60 ರೂಪಾಯಿ ಕುಶಲಕರ್ಮಿಗಳಿಗೇ ಸೇರುತ್ತದೆ, ಉಳಿದದ್ದು ಸಾಗಣೆಗೆ.

ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಬಳಿಯ ಕಿಸಾಮಾದಲ್ಲಿ ನಡೆಯುವ, ನಾಗಾ ಬುಡಕಟ್ಟುಗಳ ಹಾರ್ನ್‌ಬಿಲ್ ಉತ್ಸವದಲ್ಲಿ ಕುಶಲಕರ್ಮಿಗಳಿಗೆ ಬಿಡುವಿರುವುದಿಲ್ಲ. ನಮ್ಮ ಕೆಲಸ ಅದರ ನಂತರವೇ ಆರಂಭ. ಒಳಗೆ ಸ್ಟೀಲ್ ಕೂರಿಸಿ ಕೊಡಿ ಎಂದು ಕೇಳಿದವರಿಗೆ ಆಗುವುದಿಲ್ಲವೆಂದು ವಿನಯದಿಂದ ತಿಳಿಸುತ್ತೇವೆ.

ಕಳೆದ ಸಲ ಕೊಂಡ ಲೋಟ ಸೀಳಿದ್ದರೆ ಅಥವಾ ಕುಟ್ಟೆ ಹಿಡಿದಿದ್ದರೆ ಅದರ ಚಿತ್ರ ಕಳುಹಿಸಿ; ರಸೀತಿ ಬೇಕಿಲ್ಲ. ಮಾರ್ಚ್‌ನಲ್ಲಿ ಬರುವ ಮೊದಲ ಪೆಟ್ಟಿಗೆಗಳಿಂದ ನಿಮಗೆ ಬೇರೆ ಲೋಟವನ್ನು, ನಾನೇ ಬೆರಳಿಂದ ತಟ್ಟಿ ನೋಡಿ, ನೀವು ಆಗಲೇ ಕೊಟ್ಟ ಹಳೆಯ ಬೆಲೆಯ ಮೇಲೆ ಒಂದು ರೂಪಾಯಿಯನ್ನೂ ಕೇಳದೆ ಕಳುಹಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಮಳಿಗೆಯ ಪರವಾಗಿ