ಲೈಫ್ ಜಾಕೆಟ್ ಇತ್ತೇ ಎಂದಷ್ಟೇ ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ದೋಣಿ ಮುಳುಗಿದ ಸುದ್ದಿ ಬಂದಾಗಲೆಲ್ಲ ವರದಿಯಲ್ಲೂ ನಂತರದ ಚರ್ಚೆಯಲ್ಲೂ ಮೊದಲು ಏಳುವ ಪ್ರಶ್ನೆ, ಲೈಫ್ ಜಾಕೆಟ್ ಇತ್ತೋ ಇಲ್ಲವೋ ಎಂಬುದು. ಪ್ರಶ್ನೆ ಸರಿಯಾದದ್ದೇ, ಆದರೆ ವಿಚಾರಣೆ ಅಲ್ಲಿಗೇ ನಿಂತುಬಿಡುತ್ತದೆ. ಕಳೆದ ವರ್ಷ ನನ್ನ ಸಣ್ಣ ಮೋಟಾರು ದೋಣಿ ನಡುನೀರಿನಲ್ಲಿ ಕೆಟ್ಟು ನಿಂತಾಗ ಅದರಲ್ಲಿ ಜಾಕೆಟ್‌ಗಳಿದ್ದವು, ಲಂಗರು ಇತ್ತು, ತಳದ ನೀರನ್ನು ಹೊರಹಾಕುವ ಪಂಪೂ ಇತ್ತು. ಯಾರಾದರೂ ಪಟ್ಟಿ ಹಿಡಿದು ತಪಾಸಣೆಗೆ ಬಂದಿದ್ದರೆ ಎಲ್ಲಕ್ಕೂ ಗುರುತು ಹಾಕಿ ಹೋಗುತ್ತಿದ್ದರು. ಒಂದೂ ಹೊತ್ತಿಗೆ ಒದಗಲಿಲ್ಲ.

ದೋಣಿ ಹಲವು ತಿಂಗಳು ದಡದ ಮೇಲೆ ಹೊದಿಕೆಯಡಿ ಕುಳಿತಿತ್ತು. ಇಬ್ಬರು ಸ್ನೇಹಿತರನ್ನು ಕೂರಿಸಿಕೊಂಡು ನೇರವಾಗಿ ನೀರಿಗಿಳಿಸಿದೆ. ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಔಟ್‌ಬೋರ್ಡ್ ಎಂಜಿನ್ ಸುತ್ತಲಿನ ನೀರನ್ನೇ ಹೀರಿಕೊಂಡು ತಂಪಾಗುತ್ತದೆ. ಆ ನೀರನ್ನು ಮೇಲೆತ್ತುವುದು ಇಂಪೆಲರ್ ಎಂಬ, ಅಂಗೈಯಲ್ಲಿ ಹಿಡಿಸುವ ರಬ್ಬರ್ ಚಕ್ರ. ಬಳಸದೆ ಬಿಟ್ಟರೆ ಅದರ ಎಸಳುಗಳು ಬಾಗಿದಂತೆಯೇ ಗಡುಸಾಗಿ, ಒಣಗಿ, ಬಿರಿಯುತ್ತವೆ. ಎಂಜಿನ್ನಿನ ಹಿಂಬದಿಯಿಂದ ನೀರು ಬಲವಾಗಿ ಚಿಮ್ಮುತ್ತಿದ್ದರೆ ಚಕ್ರ ನೆಟ್ಟಗಿದೆ ಎಂದು ತಿಳಿಯಬೇಕು. ಅಂದು ಆ ಧಾರೆ ತೊಟ್ಟಿಕ್ಕುವಷ್ಟು ಕ್ಷೀಣವಾಗಿತ್ತು. ನಾನದನ್ನು ಕಣ್ಣಾರೆ ನೋಡಿದ್ದೆ. ಸ್ವಲ್ಪ ಓಡಿದರೆ ಸರಿಹೋದೀತು ಎಂದುಕೊಂಡೆ. ಅರ್ಧ ಗಂಟೆಯೊಳಗೆ ಎಂಜಿನ್ ಕಾದು ನಿಂತಿತು.

ಗಾಳಿ ನಮ್ಮನ್ನು ಬಂಡೆಗಳ ಕಡೆಗೆ ತಳ್ಳತೊಡಗಿದಾಗ ಲಂಗರು ಎಸೆದೆ. ಹಗ್ಗವೂ ಅದರ ಹಿಂದೆಯೇ ಸರಸರನೆ ಹೋಯಿತು, ಏಕೆಂದರೆ ಅದರ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಿಯೇ ಇರಲಿಲ್ಲ. ಕಟ್ಟಿದ್ದರೂ ಪ್ರಯೋಜನವಾಗುತ್ತಿತ್ತೆಂದು ಹೇಳಲಾರೆ. ಲಂಗರು ತಳವನ್ನು ಕಚ್ಚಿ ಹಿಡಿಯಬೇಕಾದರೆ ನೀರಿನ ಆಳದ 5ರಿಂದ 7 ಪಟ್ಟು ಉದ್ದದ ಹಗ್ಗ ಬಿಡಬೇಕು, ನನ್ನದು ಆಳಕ್ಕೆ ಮುಟ್ಟುವಷ್ಟು ಮಾತ್ರ ಇತ್ತು. ಈ ನಡುವೆ ದೋಣಿಯ ಹಿಂಬದಿಯಲ್ಲಿ ತಳದ ನೀರು ಹೊರಬಿಡುವ ತೂತಿನ ಬಿರಡೆಯ ವಾಷರ್ ಸವೆದು ತಳದಲ್ಲಿ ಪಾದ ಮುಳುಗುವಷ್ಟು ನೀರು ಸೇರಿತ್ತು. ನೀರೇರಿದಾಗ ತಾನಾಗಿ ಪಂಪನ್ನು ಚಾಲೂ ಮಾಡಬೇಕಾದ ಫ್ಲೋಟ್ ಸ್ವಿಚ್ಚಿಗೆ ನೈಲಾನ್ ದಾರ ಸುತ್ತಿಕೊಂಡಿತ್ತು, ಬ್ಯಾಟರಿಯ ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಗಾಬರಿಯಿಂದ ಮೂವರೂ ಒಂದೇ ಬದಿಗೆ ಸರಿದೆವು. ತಳದ ನೀರೂ ಅದೇ ಬದಿಗೆ ನುಗ್ಗಿತು. ದೋಣಿ ಎಷ್ಟು ವಾಲಿತೆಂಬುದನ್ನು ಬರೆದು ತಿಳಿಸುವುದು ಕಷ್ಟ.

ಜಾಕೆಟ್ ನೆನಪಾದದ್ದು ಆಗ. ಅವು ಪೆಟ್ರೋಲ್ ಡಬ್ಬಿಯ ಕೆಳಗೆ, ಹಿಂದಿನ ಸಲದ ತೇವದಲ್ಲೇ ಮಡಚಿಕೊಂಡಿದ್ದವು. ಫೋಮ್ ಜಾಕೆಟ್‌ಗಳೆರಡರಲ್ಲಿ ಒಂದರ ಪಟ್ಟಿಯ ಹೊಲಿಗೆ ಕೊಳೆತು ಕೈಗೆ ಬಂತು, ಇನ್ನೊಂದರ ಬಕಲ್ ಮುರಿದಿತ್ತು. ಮೂರನೆಯದು ಅನಿಲ ತುಂಬಿ ಉಬ್ಬುವ ಜಾತಿಯದು. ದಾರ ಎಳೆದೆ, ಉಬ್ಬಲಿಲ್ಲ. ಅದರ ಪುಟ್ಟ ಸಿಲಿಂಡರ್ ಒಮ್ಮೆ ಚುಚ್ಚಿಸಿಕೊಂಡರೆ ಮುಗಿಯಿತು, ಹೊಸದನ್ನೇ ಹಾಕಬೇಕು. ಹಿಂದೊಮ್ಮೆ ಮಕ್ಕಳಿಗೆ ತಮಾಷೆ ತೋರಿಸಲು ನಾನೇ ಅದನ್ನು ಎಳೆದಿದ್ದೆ. ಕೊನೆಗೆ ಬಾಯಿಂದ ಊದುವ ನಳಿಗೆಯಲ್ಲಿ ಊದಿ, ಈಜು ಬಾರದ ಸ್ನೇಹಿತನಿಗೆ ತೊಡಿಸಿದೆವು.

ನಾವು ಬೀಸಿದ ಅಂಗಿಯನ್ನು ಕಂಡು ಮೀನುಗಾರರ ದೋಣಿಯೊಂದು ಬಂದು ನಮ್ಮನ್ನು ಎಳೆದೊಯ್ದಿತು. ಅದರಲ್ಲಿದ್ದ ಹಿರಿಯರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ‘ಲಂಗರೆಲ್ಲಿ?’ ಎಂದು ಕೇಳಿದರು. ನಾನು ನೀರಿನ ಕಡೆ ಕೈ ತೋರಿಸಿದೆ.

ನನ್ನನ್ನು ನಿಜವಾಗಿ ನಡುಗಿಸಿದ್ದು ಮರುದಿನ ಮೆಕ್ಯಾನಿಕ್ ತೋರಿಸಿದ ಸಂಗತಿ. ಟ್ಯಾಂಕಿನ ಬಳಿ ಪೆಟ್ರೋಲ್ ಕೊಳವೆಯೂ ಸೀಳಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆದ್ದು ಹೋಗದೆ ದೋಣಿಯ ತಳದಲ್ಲೇ ಮಡುಗಟ್ಟುತ್ತದೆ. ಹಿಂದಿನ ದಿನ ಪಂಪು ನಡೆಸಬೇಕೆಂದು ಅದೇ ತಳದಲ್ಲಿ ಬಗ್ಗಿ, ಬ್ಯಾಟರಿಯ ತುದಿಗಳನ್ನು ನಾನು ಸ್ಪ್ಯಾನರಿನಿಂದ ಕೆರೆಯುತ್ತಿದ್ದೆ. ಒಂದು ಕಿಡಿ ಹಾರಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ವಾಷರ್, ರಬ್ಬರ್ ಚಕ್ರ, ಒಂದು ಗೇಣು ಕೊಳವೆ, ಹಗ್ಗಕ್ಕೊಂದು ಗಂಟು: ಅಂದು ಕೈಕೊಟ್ಟವೆಲ್ಲ ಇಂಥವೇ. ಈಗ ದೋಣಿಯನ್ನು ಬಳಸಿದ ಮೇಲೆ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ ತೊಳೆಯುತ್ತೇನೆ, ಜಾಕೆಟ್‌ಗಳನ್ನು ನೆರಳಲ್ಲಿ ನೇತುಹಾಕಿ ಒಣಗಿಸುತ್ತೇನೆ, ಇಂಪೆಲರ್ ಬದಲಿಸಿದ ದಿನಾಂಕವನ್ನು ಎಂಜಿನ್ ಮುಚ್ಚಳದ ಒಳಬದಿಯಲ್ಲಿ ಬರೆದಿಡುತ್ತೇನೆ. ಜಾಕೆಟ್‌ಗಳು ಪೆಟ್ಟಿಗೆಯಲ್ಲಿರುವುದಿಲ್ಲ, ದಡದಲ್ಲೇ ಮೈಮೇಲೆ ಏರುತ್ತವೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ದೋಣಿ ದುರಂತದ ವರದಿ ಮಾಡುವಾಗ ಸಲಕರಣೆ ಇತ್ತೇ ಎಂಬುದರ ಜೊತೆಗೆ, ಅದನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷಿಸಿದ್ದರು ಎಂದೂ ತಮ್ಮ ವರದಿಗಾರರು ಕೇಳಲಿ. ಬಾಡಿಗೆ ದೋಣಿ ಹತ್ತುವ ಓದುಗರೂ ಕೊಟ್ಟ ಜಾಕೆಟನ್ನು ದಡದಲ್ಲೇ ತೊಟ್ಟು, ಪಟ್ಟಿ ಬಿಗಿದು, ಅದರ ಭುಜಗಳನ್ನು ಮತ್ತೊಬ್ಬರಿಂದ ಮೇಲಕ್ಕೆ ಎಳೆಸಿ ನೋಡಲಿ. ಅದು ಗಲ್ಲದವರೆಗೆ ಜಾರಿ ಬಂದರೆ ಬೇರೆಯದನ್ನು ಕೇಳಿ ಪಡೆಯಲಿ. ಕೊಡದಿದ್ದರೆ ದೋಣಿ ಹತ್ತದಿರಲಿ.

ಇಂತಿ,
ತಮ್ಮ ಓದುಗ