ಮಗಳಿಗೊಂದು ಪತ್ರ: ಎರಡು ಚಿಮಣಿಯ ಪಿಕಪ್

ಗಂಗಾವತಿ
ಭಾನುವಾರ ರಾತ್ರಿ

ಮಗಳೇ,

ನೀನು ಕಳಿಸಿದ ಡ್ರಾಯಿಂಗನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ವೆಲ್ಡಿಂಗ್ ಶಾಪಿನ ಗೋಡೆಗೆ ಅಂಟಿಸಿದ್ದೇನೆ. ಮೂರು ದಿನದಿಂದ ಬಂದವರೆಲ್ಲ ಅದನ್ನೇ ನೋಡುತ್ತಾರೆ. ಒಬ್ಬರು "ಇದೇನ್ರೀ, ಹೊಸಾ ರೈಸ್ ಮಿಲ್ಲೇನು?" ಅಂದರು. "ಅಲ್ರೀ, ನಮ್ಮ ಪಿಕಪ್ಪಿಗೆ ಹಾಕು ಅಂತ ಮಗಳು ಬರದು ಕಳಿಸಿರೋ ಸೈಲೆನ್ಸರು" ಅಂದೆ. ನಕ್ಕರು. ನಗಲಿ ಬಿಡು. ನನ್ನ ಗಿರಾಕಿಗಳು ಬೀಡಿ ಕಟ್ಟಿನ ಹಿಂದೆ ಗೆರೆ ಎಳೆದುಕೊಂಡು ಬಂದು ಗೇಟು ಮಾಡಿಕೊಡು ಅನ್ನುತ್ತಾರೆ. ನೀನು ಪಕ್ಕದ ನೋಟ, ಮೇಲಿನ ನೋಟ ಎರಡನ್ನೂ ಅಳತೆ ಸಮೇತ ಬರೆದಿದ್ದೀಯ. ರಾಯಚೂರಿನ ಕಾಲೇಜಿಗೆ ಕಟ್ಟಿದ ಫೀಸು ದಂಡವಾಗಿಲ್ಲ.

ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ ನೀನು ಬಾಯಿ ಹಾಕುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕ್ಯಾಬಿನ್ನಿನ ಹಿಂದೆ ಚಿಮಣಿಯ ಹಾಗೆ ನಿಂತ ಎರಡು ಸೈಲೆನ್ಸರು ಬರೆದಿದ್ದೀಯಲ್ಲ, ಅವನ್ನು ಗಾಡಿಗೆ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಇನ್ನು ಸಿಟ್ಟು ಮಾಡಿಕೊಂಡೇ ಮುಂದೆ ಓದು.

ಕಾನೂನಿನ ಮಾತು ಚಿಕ್ಕದು. ಆರ್‌ಸಿಯಲ್ಲಿ ಇರುವ ಗಾಡಿಯನ್ನು ನಮ್ಮ ಮನಸ್ಸಿಗೆ ಬಂದ ಹಾಗೆ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿದೆ. 2019ರ ತಿದ್ದುಪಡಿ ಬಂದ ಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನೀನು ಬರೆದಿರುವುದು ಎರಡು ಚಿಮಣಿ. ಲೆಕ್ಕ ನೀನೇ ಹಾಕು. ಅದೂ ಅಲ್ಲದೆ ನಮ್ಮದು 2021ರ ಗಾಡಿ, ಬಿಎಸ್6, ಅಂದರೆ ಹೊಗೆಯ ಬಿಗಿ ನಿಯಮದ್ದು. ಹೊಗೆ ಸೈಲೆನ್ಸರಿಗೆ ಬರುವ ಮೊದಲೇ ಅದನ್ನು ತೊಳೆಯುವ ಡಬ್ಬಿ ಇದೆ, ಅದರ ಮೈಮೇಲೆ ಸೆನ್ಸರುಗಳಿವೆ. ನೀನು ಅದನ್ನೆಲ್ಲ ಬಿಟ್ಟು ಇಂಜಿನ್ನಿಗೆ ಗಾಳಿ ನೂಕುವ ಟರ್ಬೊದಿಂದ ಸೀದಾ ಪೈಪು ಎಳೆದಿದ್ದೀಯ. ಮೀಟರಿನಲ್ಲಿ ಹಳದಿ ದೀಪ ಹತ್ತಿ, ಇಂಜಿನ್ನು ಎಳೆಯುವುದನ್ನೇ ಕಡಿಮೆ ಮಾಡಿಬಿಟ್ಟರೆ ಭತ್ತದ ಚೀಲ ಹೇರಿಕೊಂಡು ನಡುದಾರಿಯಲ್ಲಿ ನಿಲ್ಲುವವನು ನಾನು.

ನನಗೆ ಮಾತಾಡಬೇಕಿರುವುದು ಪೈಪಿನ ಬಗ್ಗೆ. ಇಂಜಿನ್ ಕಡೆಗೆ ಎರಡೂವರೆ ಇಂಚು ಕೊಟ್ಟು, ಮೇಲೆ ಹೋಗುವಾಗ ಐದೈದು ಇಂಚಿನ ಎರಡು ಪೈಪು ಕೊಟ್ಟಿದ್ದೀಯ. ಅಗಲ ಎರಡರಷ್ಟಾದರೆ ಒಳಗಿನ ಜಾಗ ನಾಲ್ಕರಷ್ಟು. ಎರಡು ಪೈಪು ಸೇರಿದರೆ ಎಂಟರಷ್ಟು. ಅಷ್ಟೇ ಹೊಗೆ ಎಂಟು ಪಟ್ಟು ಜಾಗದಲ್ಲಿ ಹರಡಿದರೆ ಅದರ ಓಟ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕಾಲುವೆಯ ನೀರನ್ನು ನೋಡಿಲ್ಲವೇ? ಇಕ್ಕಟ್ಟಿನಲ್ಲಿ ಓಡಿದ್ದು ಅಗಲಕ್ಕೆ ಬಂದ ಕೂಡಲೇ ಹೂಳು ಬಿಡುತ್ತದೆ. ಹೊಗೆ ಮಸಿ ಬಿಡುತ್ತದೆ, ತಣ್ಣಗಾಗಿ ನೀರೂ ಬಿಡುತ್ತದೆ. ನಮ್ಮ 2,523 ಸಿಸಿ ಇಂಜಿನ್ನಿಗೆ ಒಂದು ಪೈಪೇ ಸಾಕು. ಎರಡನೆಯದು ಬರೀ ಶೋಕಿ.

ಟ್ರ್ಯಾಕ್ಟರಿಗೆ ನಿಂತ ಸೈಲೆನ್ಸರ್ ಇದೆಯಲ್ಲ ಅಂತ ಕೇಳುತ್ತೀಯ, ಗೊತ್ತು. ಅದು ನಿಂತಿರುವುದು ಚೆಂದಕ್ಕಲ್ಲ. ರಂಟೆ ಹೊಡೆಯುವಾಗ ಕೆಸರು ಹೊಗಬಾರದು, ಕೂಳೆಗೆ ಬಿಸಿ ತಗಲಬಾರದು. ಅದರ ಹಿಂದೆ ಹುಲ್ಲು ಹೇರುವುದಿಲ್ಲ, ಟ್ರೈಲರು ದೂರ ಇರುತ್ತದೆ. ಪಿಕಪ್ಪಿನಲ್ಲಿ ಲೋಡು ಪೈಪಿಗೆ ಮೈ ತಾಗಿಸಿಕೊಂಡೇ ಕೂರುತ್ತದೆ.

ಇದು ನನಗೆ ಹೇಗೆ ಗೊತ್ತು ಅಂತ ಈವರೆಗೆ ನಿನಗೆ ಹೇಳಿಲ್ಲ. ಶಾಪಿನ ಹಿಂದಿನ ಮೂಲೆಯಲ್ಲಿ ಒಂದು ಉದ್ದನೆಯ ಪೈಪು ಇತ್ತು, ನೆನಪಿದೆಯಾ? ನೀನು ಸಣ್ಣಾಕಿ ಇದ್ದಾಗ ಒಂದು ತುದಿಗೆ ಬಾಯಿ ಇಟ್ಟು "ಹೋ" ಅನ್ನುತ್ತಿದ್ದೆ, ಇನ್ನೊಂದು ತುದಿಗೆ ನಾನು ಕಿವಿ ಇಡಬೇಕಿತ್ತು. ಅದನ್ನು ಯಾಕೆ ಗುಜರಿಗೆ ಹಾಕುವುದಿಲ್ಲ ಅಂತ ನಿಮ್ಮವ್ವ ಬೈಯದ ವರ್ಷವಿಲ್ಲ. ಅದೂ ಒಂದು ಪಿಕಪ್ಪಿನ ಚಿಮಣಿಯೇ. ನಾನೇ ಮಾಡಿದ್ದು.

2008ರ ಬೇಸಿಗೆ. ಕಾರಟಗಿ ಕಡೆಯ ಒಂದು ಕ್ಯಾಂಪ್ ಊರಿನ ಹುಡುಗ ಹಳೇ ಪಿಕಪ್ ತಂದು ನಿಲ್ಲಿಸಿದ. ಅವನಿಗೂ ನಿನ್ನ ಹಾಗೆ ಸೈಲೆನ್ಸರು ಆಕಾಶ ನೋಡಬೇಕು. ಹೊಸ ಶಾಪು, ನನಗೂ ಹುಮ್ಮಸ್ಸು. ಕ್ಯಾಬಿನ್ನಿಗೂ ಬಾಡಿಯ ಹಲಗೆಗೂ ನಡುವೆ ಇದ್ದ ನಾಲ್ಕು ಬೆರಳಿನ ಸಂದಿಯಲ್ಲಿ ಪೈಪು ನಿಲ್ಲಿಸಿದೆ. "ಸುತ್ತ ಜಾಲರಿ ಹಾಕೋಣೇನು?" ಅಂದೆ. "ಬ್ಯಾಡ ಬಿಡ್ರೀ, ಲುಕ್ ಕೆಡತೈತಿ" ಅಂದ. ನಾನೂ ಸುಮ್ಮನಾದೆ.

ಹದಿನೈದು ದಿನಕ್ಕೆ ಭತ್ತದ ಹುಲ್ಲು ಹೇರಿದ್ದಾನೆ. ಹುಲ್ಲಿನ ಲೋಡು ನಿನಗೆ ಗೊತ್ತಲ್ಲ, ಕ್ಯಾಬಿನ್ನಿನ ನೆತ್ತಿಯವರೆಗೆ ಹೊಟ್ಟೆ ಚಾಚಿಕೊಂಡಿರುತ್ತದೆ. ಹೊರಡುವಾಗ ಪೈಪಿನ ಸುತ್ತ ಜಾಗ ಬಿಟ್ಟೇ ಕಟ್ಟಿದ್ದರಂತೆ. ರಸ್ತೆಯ ಕುಣಿಗಳಲ್ಲಿ ಜಗ್ಗಿ ಜಗ್ಗಿ ಹುಲ್ಲು ಮುಂದಕ್ಕೆ ಸರಿದು ಪೈಪಿಗೆ ಕೂತಿದೆ. ಲೋಡು ಎಳೆಯುವಾಗ ಡೀಸೆಲ್ ಇಂಜಿನ್ನಿನ ಹೊಗೆ ಟರ್ಬೊದ ಹತ್ತಿರ 500 ಡಿಗ್ರಿ ದಾಟುತ್ತದೆ. ಮೇಲೆ ಬರುವಷ್ಟರಲ್ಲಿ ಆರಿದರೂ ಒಣ ಹುಲ್ಲಿಗೆ ಅಷ್ಟು ಸಾಕು. ಮೊದಲು ಉರಿ ಇಲ್ಲ, ಒಳಗೇ ಹೊಗೆಯಾಡುತ್ತಿತ್ತು. ತಲೆಯ ಮೇಲಿಂದ ಹೊಗೆ ಏಳುವುದು ಕನ್ನಡಿಯಲ್ಲಿ ಅವನಿಗೆ ಕಂಡಿದೆ. ಅನುಮಾನ ಬರಲಿಲ್ಲ. ಯಾಕೆ ಬರುತ್ತದೆ? ಹೊಗೆ ಮೇಲಿಂದ ಹೋಗಲಿ ಅಂತ ತಾನೇ ನಾವು ಚಿಮಣಿ ಇಟ್ಟಿದ್ದು! ಎದುರು ಬಂದ ಬೈಕಿನವನು ಕೂಗಿಕೊಂಡ ಮೇಲೆ ಕಾಲುವೆ ದಂಡೆಗೆ ಗಾಡಿ ನಿಲ್ಲಿಸಿ, ಹಗ್ಗ ಕೊಯ್ದು, ಹುಲ್ಲನ್ನು ಕೆಳಗೆ ನೂಕಿದ್ದಾರೆ. ಅರ್ಧ ಲೋಡು, ತಾಡಪಾಲು, ಮುಂದಿನ ಹಲಗೆ ಹೋದವು. ಜನಕ್ಕೆ ಏನೂ ಆಗಲಿಲ್ಲ.

ಮಾರನೆಯ ದಿನ ಪೈಪು ಬಿಚ್ಚಿಕೊಂಡು ಬಂದು ಶಾಪಿನ ಮುಂದೆ ಇಟ್ಟು ನಿಂತ. ನಾನು ತಗೊಂಡಿದ್ದ ಕೂಲಿ ವಾಪಸ್ ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಜಾಲರಿ ಹಾಕಿಸಬೇಕಿತ್ತು" ಅಂದ, ಹೋದ.

ಮೊನ್ನೆ ಆ ಪೈಪನ್ನು ಹೊರಗೆಳೆದು ಗ್ರೈಂಡರಿನಲ್ಲಿ ಕೆಳಗಿನ ಬೆಂಡು, ಅಂದರೆ ಬಾಗಿದ ತುಂಡು, ಸೀಳಿದೆ. ಒಳಗೆಲ್ಲ ಮಸಿ ಗಟ್ಟಿಯಾಗಿ ಕೂತು, ಅದರ ಕೆಳಗೆ ತುಕ್ಕು ಹಿಡಿದು ತಗಡು ಹಪ್ಪಳವಾಗಿತ್ತು. ಬೆಂಡಿನ ತಳದಲ್ಲಿ ಆರು ಎಂಎಂನ ಒಂದು ತೂತು ಬಿಟ್ಟಿದ್ದರೆ ನೀರು ಸೋರಿ ಹೋಗುತ್ತಿತ್ತು. ಆಗ ನನಗೆ ಹೊಳೆದಿರಲಿಲ್ಲ. ನಿನ್ನ ಡ್ರಾಯಿಂಗಿನಲ್ಲೂ ಆ ತೂತಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪೈಪಿಗೆ ಎರಡು ಕ್ಲಾಂಪು ಕೊಟ್ಟಿದ್ದೀಯ, ಒಂದು ಬಾಡಿಗೆ, ಒಂದು ಕ್ಯಾಬಿನ್ನಿಗೆ. ಕ್ಯಾಬಿನ್ನು ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಅದರ ಕುಣಿತವೇ ಬೇರೆ, ಬಾಡಿಯದೇ ಬೇರೆ. ಇಬ್ಬರ ನಡುವೆ ಸಿಕ್ಕ ಪೈಪು ತಿಂಗಳೊಳಗೆ ಬೆಸುಗೆಯ ಪಕ್ಕದಲ್ಲಿ ಸೀಳುತ್ತದೆ. ಜೊತೆಗೆ ಏಳಡಿಯ ಕಬ್ಬಿಣ 300 ಡಿಗ್ರಿ ಕಾದರೆ ಏಳೆಂಟು ಮಿಲಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಬಿಗಿ ಹಿಡಿ, ಮೇಲಿನ ಕ್ಲಾಂಪಿನಲ್ಲಿ ಜಾರಲು ಬಿಡು. ಇಂಜಿನ್ ಹತ್ತಿರ ಬಳುಕುವ ಸುಕ್ಕು ಪೈಪಿನ ಬೆಲ್ಲೋಸ್ ತುಂಡು ಇರಲೇಬೇಕು.

ಇಷ್ಟು ಬೈದ ಮೇಲೆ ಹೇಳುತ್ತೇನೆ: ನಿನ್ನ ಡ್ರಾಯಿಂಗಿನ ಒಂದು ಚಿಮಣಿ ಎದ್ದು ನಿಂತಿದೆ. ಗಾಡಿಗಲ್ಲ, ನಮ್ಮ ಜನರೇಟರಿಗೆ. ಕರೆಂಟು ಹೋದಾಗಲೆಲ್ಲ ಶಾಪಿನೊಳಗೆ ಹೊಗೆ ತುಂಬಿ ಕಣ್ಣು ಉರಿಯುತ್ತಿತ್ತಲ್ಲ, ಅದಕ್ಕೆ. ಹಳೇ ಪೈಪಿನ ತುಕ್ಕು ತಿಂದ ಭಾಗ ಕತ್ತರಿಸಿ ಉಳಿದದ್ದನ್ನು ಬಳಸಿದೆ. ಹೊಸ ಬೆಂಡನ್ನು ಹಳೆಯ ರೀತಿಯಲ್ಲೇ ಬಗ್ಗಿಸಿದೆ. ಹೊಳೆಯ ಸಣ್ಣ ಮರಳನ್ನು ಬಾಣಲೆಯಲ್ಲಿ ಹುರಿದು, ಪೈಪಿಗೆ ಕುಟ್ಟಿ ಕುಟ್ಟಿ ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ನಿಧಾನಕ್ಕೆ ಎಳೆದರೆ ಒಳಬದಿ ಸುಕ್ಕಾಗುವುದಿಲ್ಲ. ಮರಳು ಹಸಿ ಇದ್ದರೆ ಮಾತ್ರ ಒಳಗೆ ಹಬೆಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದೆ. ಇದನ್ನು ನೀನು ಒಬ್ಬಳೇ ಮಾಡಲು ಹೋಗಬೇಡ. ತಗಡಿನ ಸೂರಿಗೆ ಪೈಪಿಗಿಂತ ದೊಡ್ಡ ತೂತು ಕೊರೆದು ಮೇಲೆ ಕೊರಳಪಟ್ಟಿ ಕೂರಿಸಿದ್ದೇನೆ. ಕೈಗೆಟಕುವ ಎತ್ತರದವರೆಗೆ ಜಾಲರಿ ಹಾಕಿದ್ದೇನೆ. ತಳಕ್ಕೆ ಆರು ಎಂಎಂ ತೂತು ಇದೆ.

ತುದಿಗೆ ನೀನು ಬರೆದ ಓರೆ ಕಟ್ ಬಿಟ್ಟು, ಮಳೆ ಬೀಳದ ಹಾಗೆ ಮುಚ್ಚಳ ಇಟ್ಟೆ. ಇಂಜಿನ್ ಚಾಲೂ ಆದರೆ ಹೊಗೆಯೇ ಅದನ್ನು ಎತ್ತಬೇಕು, ನಿಂತರೆ ತಾನೇ ಬೀಳಬೇಕು. ಹಿಂದುಗಡೆ ಎದುರುತೂಕಕ್ಕೆ ಒಂದು ನಟ್ಟು ಬೆಸೆದೆ, ಏಳಲಿಲ್ಲ. ಎರಡು ಬೆಸೆದೆ, ಈಗ ಸಣ್ಣ ಗಾಳಿಗೂ ಟಪ್ ಟಪ್ ಅನ್ನುತ್ತದೆ. ನಿನ್ನೆ ರಾತ್ರಿ ನಿಮ್ಮವ್ವ ಯಾರೋ ಕದ ಬಡಿದರು ಅಂತ ಎರಡು ಸಲ ಎದ್ದಳು. ಮುಚ್ಚಳ ಮೂರುವರೆ ಇಂಚು ಅಗಲ, ಮೂರು ಎಂಎಂ ದಪ್ಪದ ತಗಡು, ಕೀಲು ಒಂದು ಅಂಚಿಗೆ. ಎದುರುತೂಕ ಎಷ್ಟಿರಬೇಕು ಅಂತ ಲೆಕ್ಕ ಮಾಡಿ ಕಳಿಸು. ಬೇಗ ಕಳಿಸು.

ನಿಮ್ಮಪ್ಪ