ಗುಳುಮುಳುಕದ ಗೂಡು

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಹತ್ತಿರದ ಕೆರೆಯಲ್ಲಿ ಒಂದು ಪುಟಾಣಿ ಬಾತುಕೋಳಿ ಇದೆ, ನೋಡ್ತಾ ನೋಡ್ತಾ ಮಾಯ ಆಗುತ್ತೆ ಅಂದೆಯಲ್ಲ? ಅದು ಬಾತು ಅಲ್ಲಮ್ಮ, ಗುಳುಮುಳುಕ. ಬಾತಿನ ಜಾತಿಗೂ ಅದಕ್ಕೂ ನಂಟೇ ಇಲ್ಲ. ವಿಜ್ಞಾನಿಗಳ ಲೆಕ್ಕದಲ್ಲಿ ಅದರ ಹತ್ತಿರದ ಬಂಧು ಫ್ಲೆಮಿಂಗೊ! ಉದ್ದ ಕಾಲಿನ ಆ ಹಕ್ಕಿಗೂ ಈ ಗಿಡ್ಡ ಹಕ್ಕಿಗೂ ಎಲ್ಲಿಯ ಸಂಬಂಧ ಅಂತ ನನಗೆ ಈಗಲೂ ಅಚ್ಚರಿ.

ನಮ್ಮ ಕುಕ್ಕರಹಳ್ಳಿ ಕೆರೆಯಲ್ಲೂ ಇವು ಇವೆ. ಈಗ ಮಳೆಗಾಲ ಅಲ್ವಾ, ಕೆನ್ನೆ, ಕತ್ತು ಕೆಂಗಂದು ಬಣ್ಣಕ್ಕೆ ತಿರುಗಿವೆ. ಕೊಕ್ಕಿನ ಬುಡದಲ್ಲಿ ತಿಳಿ ಹಳದಿ ಬೊಟ್ಟು. ಕಾಲು ಮೈಯ ತೀರಾ ಹಿಂದಕ್ಕಿರುವುದರಿಂದ ನೆಲದ ಮೇಲೆ ನಡೆಯಲು ಪರದಾಡುತ್ತದೆ. ನೀರಿನೊಳಗೆ ಮಾತ್ರ ಅದೇ ಕಾಲು ಅದನ್ನು ಸರ್ರನೆ ಮುಂದಕ್ಕೆ ನೂಕುತ್ತದೆ. ಗರಿಗಳ ನಡುವಿನ ಗಾಳಿಯನ್ನು ಒತ್ತಿ ಹೊರಹಾಕಿ, ಅಲೆ ಏಳಿಸದೆ ಸುಮ್ನೆ ಇಳಿದುಬಿಡುವುದೂ ಉಂಟು.

ಮೊನ್ನೆ ಗೂಡು ನೋಡಿದೆ. ಗೂಡು ಅಂದರೆ ಜೊಂಡಿಗೆ ಸಿಕ್ಕಿಕೊಂಡು ತೇಲುತ್ತಿದ್ದ ಹಸಿ ಕಳೆಯ ಗುಪ್ಪೆ, ಅಷ್ಟೇ. ಹದ್ದೊಂದು ಮೇಲೆ ಸುತ್ತುತ್ತಿತ್ತು. ಕಾವು ಕೂತಿದ್ದ ಹಕ್ಕಿ ಎದ್ದು, ಅಕ್ಕಪಕ್ಕದ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆಗಳ ಮೇಲೆ ಮುಚ್ಚಿತು. ಆಮೇಲೆ ನೀರಿಗೆ ಜಾರಿತು. ಅಲ್ಲಿ ಮೊಟ್ಟೆ ಇದೆ ಅಂತ ಯಾರೂ ಹೇಳಲಾರರು, ಹಾಗೆ! ಇಟ್ಟಾಗ ಬೆಳ್ಳಗಿರುವ ಮೊಟ್ಟೆಗೆ ಆ ಹಸಿ ಕಳೆಯ ಬಣ್ಣವೇ ಹತ್ತಿ ಕಂದಾಗುತ್ತದೆ.

ಅದಕ್ಕೇ ಕೆರೆ ಸ್ವಚ್ಛ ಮಾಡುತ್ತೇವೆ ಅಂತ ದಡದ ಜೊಂಡನ್ನೆಲ್ಲ ಕಿತ್ತು ಸುತ್ತ ಕಲ್ಲು ಕಟ್ಟಿದರೆ ನನಗೆ ಸಂಕಟವಾಗುತ್ತದೆ. ನೋಡೋಕೆ ಚೆನ್ನಾಗಿರಬಹುದು. ಆದರೆ ಗೂಡು ಸಿಕ್ಕಿಸಿಕೊಳ್ಳಲು ಅದಕ್ಕೆ ಒಂದು ಎಸಳೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ತೆಗೆಯಲಿ, ಕೊಳಚೆ ನೀರು ನಿಲ್ಲಿಸಲಿ. ಒಂದು ಅಂಚಿನ ಜೊಂಡನ್ನಾದರೂ ಬಿಡಲಿ. ನಿಮ್ಮ ಕೆರೆಯಲ್ಲಿ ಕೆಲಸ ನಡೆದರೆ ಗೆಳತಿಯರನ್ನು ಕರೆದುಕೊಂಡು ಹೋಗಿ ಈ ಮಾತು ಹೇಳು, ಸಂಕೋಚ ಬೇಡ.

ಬೈನಾಕ್ಯುಲರನ್ನು ಅಣ್ಣನ ಕೈಲಿ ಕಳಿಸುತ್ತಿದ್ದೇನೆ. ಹಕ್ಕಿ ಮುಳುಗಿದ ಜಾಗವನ್ನೇ ನೋಡುತ್ತ ಕೂರಬೇಡ. 15–20 ಸೆಕೆಂಡಿನಲ್ಲಿ ಬೇರೆಲ್ಲೋ ಏಳುತ್ತದೆ. ಗೂಡು ಕಂಡರೆ ದೂರದಿಂದಲೇ ನೋಡು. ಮೊಟ್ಟೆಯೊಡೆದ ಮೇಲೆ ಪಟ್ಟೆ ಪಟ್ಟೆ ಮರಿಗಳು ಅಪ್ಪ ಅಮ್ಮನ ಬೆನ್ನೇರಿ, ರೆಕ್ಕೆಯ ಸಂದಿಯಿಂದ ತಲೆ ಮಾತ್ರ ಹೊರಗೆ ಹಾಕುತ್ತವೆ. ಅದು ಕಂಡ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ
ಅಮ್ಮ